ಪ್ರಭಾಕರ ಸಾಯದ ಅಧ್ಯಾಯ

ಆಂಡರ್ಸನ್‌ಪೇಟೆ
10 ಜೂನ್ 2024

ಪ್ರೀತಿಯ ಶಶಿ,

ಫೋನು ಮಾಡಿ ಮಾಡಿ ಸಾಕಾಯಿತು. ಸ್ವಿಚ್ ಆಫ್ ಆಗಿದೆ ಅಂತ ಹೇಳುವ ಆ ಹೆಂಗಸಿನ ಜೊತೆ ಈ ತಿಂಗಳು ನಿನಗಿಂತ ಹೆಚ್ಚು ಮಾತಾಡಿದ್ದೇನೆ. ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಕವರು ತಂದೆ. ಕೌಂಟರಿನ ಹುಡುಗಿ ‘ಕೋರ್ಟಿಗಾ ಅಕ್ಕಾ?’ ಅಂತ ಕೇಳಿದಳು. ಗೆಳತಿಗೆ ಅಂದೆ. ನಂಬಲಿಲ್ಲ.

ಹೇಗಿದ್ದೀಯ ಅಂತ ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ವೆಂಕಿ ಅಣ್ಣ ಹೋದಾಗಿನಿಂದ ಊರೆಲ್ಲ ಅದನ್ನೇ ಕೇಳಿರುತ್ತದೆ. ನಾನು ನಮ್ಮ ಓದುಗರ ಗುಂಪಿನ ಸುದ್ದಿ ಹೇಳುತ್ತೇನೆ, ಕೇಳು.

ನಿನ್ನೆ ಭಾನುವಾರ ಎಂದಿನಂತೆ ಪುಷ್ಪನ ಟೈಲರಿಂಗ್ ಅಂಗಡಿಯಲ್ಲಿ ಸೇರಿದ್ದೆವು. ಕನಕಮ್ಮ ಮೇಡಂ ಮತ್ತೊಂದು ದಪ್ಪ ಪುಸ್ತಕ ಹೊತ್ತುಕೊಂಡು ಬಂದಿದ್ದರು. ಮೇಡಂ ರಿಟೈರ್ ಆಗಿ ಆರು ವರ್ಷವಾದರೂ ನಮ್ಮನ್ನು ಪಾಸು ಮಾಡಿಸುವ ಆಸೆ ಬಿಟ್ಟಿಲ್ಲ. ಎರಡನೇ ಪುಟಕ್ಕೇ ಮೈಸೂರು ಮೈನ್ಸ್ ಗಣಿ ಕಾಲೊನಿಯ ಕಲ್ಪನ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಪುಷ್ಪನಿಗೆ ರೇಗಿತು.

‘ಮೇಡಮ್ಮೋರೆ, ಒಂದೊರ್ಸದಿಂದ ಒಳ್ಳೆ ಪುಸ್ತಕನೇ ಓದ್ತಾ ಅವ್ನಿ. ಒಂದೂ ಮುಗಿಸ್ನಿಲ್ಲ. ಕದ್ದು ಓದಿದ್ದು ಮಾತ್ರ ಎಲ್ಲಾ ಮುಗಿಸಿವ್ನಿ. ಅದನ್ನೇ ಓದಾಣ ಬಿಡಿ’ ಅಂದಳು.

ಕಲ್ಪನ ಎಚ್ಚರವಾಗಿ ‘ಪೋದುಂ ಮೇಡಂ, ಸಾಕು, ನಮ್ಗೆ ಲವ್ ಸ್ಟೋರಿ ಬೇಕು’ ಅಂತ ತಮಿಳು ಕನ್ನಡ ಎರಡರಲ್ಲೂ ಬೆಂಬಲ ಕೊಟ್ಟಳು. ಮೇಡಂ ದಪ್ಪ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು. ಬಯ್ಯುತ್ತಾರೆ ಅಂದುಕೊಂಡೆ. ಕೊನೆಗೆ ಮೆಲ್ಲಗೆ, ‘ನಮ್ಮನೇಲಿ ಅಕ್ಕಿ ಡ್ರಮ್ಮಿನ ಹಿಂದೆ ಒಂದಷ್ಟು ಇದಾವೆ’ ಅಂದರು. ಒಂದಷ್ಟು ಅಂದರೆ ಅರವತ್ತು! ಎಲ್ಲಕ್ಕೂ ವಿಜ್ಞಾನದ ಪುಸ್ತಕದ ರಟ್ಟು ಹಾಕಿದ್ದಾರಂತೆ.

ಹಾಗಾಗಿ ಹೊಸ ನಿಯಮ. ಒಂದೇ ಕಾದಂಬರಿ ಒಬ್ಬೊಬ್ಬರ ಮನೆಗೂ ಹೋಗಬೇಕು. ಕೊನೆಯ ಅಧ್ಯಾಯವನ್ನು ಮಾತ್ರ ಯಾರೂ ಒಬ್ಬರೇ ಓದುವ ಹಾಗಿಲ್ಲ, ಪುಷ್ಪನ ಅಂಗಡಿಯಲ್ಲಿ ಎಲ್ಲರೂ ಕೂತು ಗಟ್ಟಿಯಾಗಿ ಓದಬೇಕು. ಮೊದಲ ಪುಸ್ತಕ ಆರಿಸುವುದು ನೀನು. ಸಮಾಜ ಪಾಠದ ಒಳಗೆ ಕಾದಂಬರಿ ಇಟ್ಟುಕೊಂಡು ಏಟು ತಿಂದವಳು ನಮ್ಮ ಕ್ಲಾಸಿನಲ್ಲಿ ನೀನೊಬ್ಬಳೇ ತಾನೇ. ನೀನು ಬರದಿದ್ದರೂ ಪರವಾಗಿಲ್ಲ, ಹೆಸರು ಬರೆದು ಕಳಿಸು.

ನಿನ್ನ
ರಾಧಾಮಣಿ


ಬಂಗಾರಪೇಟೆ
21 ಜೂನ್ 2024

ರಾಧಾ,

ಕಾಗದ ಬಂತು.

ಫೋನು ಟ್ರಂಕಿನಲ್ಲಿದೆ. ಮಾತಾಡಿದರೆ ನನ್ನ ಧ್ವನಿ ಏನೂ ಆಗದವರ ಹಾಗೆ ಸರಿಯಾಗಿಯೇ ಬರುತ್ತದೆ. ಆ ಕಡೆಯವರಿಗೆ ಅದರಿಂದ ಬೇಜಾರಾಗುತ್ತದೆ. ಕಾಗದದಲ್ಲಿ ಆ ತೊಂದರೆ ಇಲ್ಲ.

ನೀನು ಅರ್ಧ ಗಂಟೆಯ ರೈಲು ಹತ್ತಿ ಬಂದುಬಿಡುತ್ತೀಯ ಅಂತ ಗೊತ್ತು. ಬರಬೇಡ. ಬಂದವರ ಎದುರು ಒಂದು ಮುಖ ಇಟ್ಟುಕೊಂಡು ಕೂರಬೇಕು. ನನಗೆ ಆ ಮುಖ ಬರುವುದಿಲ್ಲ.

ಮನೆಯಲ್ಲಿ ಈಗ ಅತ್ತೆ, ನಾನು, ಹಸುಗಳು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬರುತ್ತೇನೆ. ನಮ್ಮ ಯಜಮಾನರು ಎದೆ ಹಿಡಿದುಕೊಂಡು ಬಿದ್ದದ್ದು ಅಲ್ಲೇ, ಕ್ಯಾನ್ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಾಗ. ಈಗ ಅದೇ ಸಾಲಿನಲ್ಲಿ ನಾನು ನಿಲ್ಲುತ್ತೇನೆ. ಏನೂ ಅನ್ನಿಸುವುದಿಲ್ಲ. ಮುಂದಿನವರು ಸರಿದರೆ ನಾನೂ ಸರಿಯುತ್ತೇನೆ.

ಪುಸ್ತಕ ನೀನೇ ಆರಿಸು. ಯಾವುದಾದರೂ ಆಗುತ್ತದೆ.

ಶಶಿರೇಖ


ಆಂಡರ್ಸನ್‌ಪೇಟೆ
27 ಜೂನ್ 2024

ಪ್ರೀತಿಯ ಶಶಿ,

ನಿನ್ನ ಧೈರ್ಯ ಮೆಚ್ಚಿದೆ ಕಣೇ. ಅದೇ ಜಾಗದಲ್ಲಿ ದಿನಾ ನಿಲ್ಲುವುದು ಅಂದರೆ ಸಾಮಾನ್ಯವಾ? ನಾನಾಗಿದ್ದರೆ ಹಸುಗಳನ್ನೇ ಮಾರಿಬಿಡುತ್ತಿದ್ದೆ. ನೀನು ಎಲ್ಲವನ್ನೂ ಒಳಗೇ ನುಂಗಿಕೊಂಡಿದ್ದೀಯ ಅಂತ ನನಗೆ ಗೊತ್ತಾಗುತ್ತದೆ.

ಯಾವುದಾದರೂ ಆಗುತ್ತದೆ ಅಂದೆ. ಆಗುವುದಿಲ್ಲ. ನಾನು ಒಂದು ತೀರ್ಮಾನ ಮಾಡಿದ್ದೇನೆ: ಈ ಸಲದ ಪುಸ್ತಕದಲ್ಲಿ ಯಾರೂ ಸಾಯಬಾರದು. ನನ್ನ ಅಂಗಡಿಯಲ್ಲಿ ಈಗ ಬಳೆ ಕೊಳ್ಳುವವರು ಕಡಿಮೆ, ಹೊತ್ತಿದೆ, ಅಂತ ಮೇಡಂ ಮನೆಯ ಡ್ರಮ್ಮಿನ ಹಿಂದಿನದೆಲ್ಲ ತರಿಸಿ ನೋಡಿದೆ. ಅಯ್ಯೋ, ಈ ಬರೆಯುವವರಿಗೆ ಕೊಲ್ಲದಿದ್ದರೆ ನಿದ್ದೆಯೇ ಬರುವುದಿಲ್ಲವೇನೋ! ಒಂದರಲ್ಲಿ ನಾಯಕನಿಗೆ ಕ್ಯಾನ್ಸರ್. ಇನ್ನೊಂದರಲ್ಲಿ ಹುಡುಗಿ ಮದುವೆಯ ದಿನವೇ ಬಾವಿ ಸೇರುತ್ತಾಳೆ. ಮೂರನೆಯದರ ವಿಷಯ ಬಿಡು. ಮತ್ತೊಂದರಲ್ಲಿ ಮನುಷ್ಯರೆಲ್ಲ ಗಟ್ಟಿಮುಟ್ಟಾಗಿದ್ದಾರೆ, ಆದರೆ ನಾಯಿ ಸಾಯುತ್ತದೆ, ಅದೂ ನಾಲ್ಕು ಪುಟ!

ಕೊನೆಗೆ ನನ್ನದೇ ನೆನಪಾಯಿತು. ‘ನೀಲಿ ಬಂಗಲೆಯ ಸೊಸೆ’. ಪಿಯುಸಿಯಲ್ಲಿ ಚಾಪೆಯ ಕೆಳಗಿಟ್ಟುಕೊಂಡು ಓದಿದ್ದೆ. ಊಟಿಯಲ್ಲಿ ಬಂಗಲೆ. ಪ್ರಭಾಕರ ಅಂತ ನಾಯಕ, ಜೀಪು ಇದೆ, ಪೈಪು ಸೇದುತ್ತಾನೆ, ಬಾಯಿ ಬಿಟ್ಟರೆ ಕವಿತೆ. ಹೇಮಲತ ಅಂತ ಬಡವರ ಹುಡುಗಿ, ಮೂರು ಪುಟಕ್ಕೊಮ್ಮೆ ನಾಚುತ್ತಾಳೆ. ಇಬ್ಬರಿಗೂ ಬುದ್ಧಿ ಇಲ್ಲ. ಒಬ್ಬರೂ ಸಾಯುವುದಿಲ್ಲ, ನಾನು ಗ್ಯಾರಂಟಿ. ಮೇಡಂ ಹತ್ತಿರ ಒಂದು ಪ್ರತಿ ಇದೆ. ನಾಲ್ಕು ದಿನದಲ್ಲಿ ಕಳಿಸುತ್ತೇನೆ.

ನಿನ್ನ
ರಾಧಾ


ಆಂಡರ್ಸನ್‌ಪೇಟೆ
15 ಜುಲೈ 2024

ಪ್ರೀತಿಯ ಶಶಿ,

ಪುಸ್ತಕ ತಡವಾಯಿತು, ಬಯ್ಯಬೇಡ. ಕಳಿಸುವ ಮುಂಚೆ ಒಂದು ಸಲ ತಿರುವಿ ನೋಡಿದೆ. ಕೆಲವು ಹಾಳೆ ಹರಿದುಹೋಗಿದ್ದವು. ರಾಬರ್ಟ್‌ಸನ್‌ಪೇಟೆಗೆ ಹೋಗಿ ಸರಿ ಮಾಡಿಸಿ ತಂದೆ. ಅಲ್ಲಲ್ಲಿ ಕಾಗದ ದಪ್ಪವಾಗಿ ಕಂಡರೆ ಅದು ಅಂಟು, ಯೋಚನೆ ಮಾಡಬೇಡ. ನಮ್ಮ ಮೇಡಂ ರಟ್ಟನ್ನು ಬಿಚ್ಚಿಲ್ಲ, ಒಂಬತ್ತನೇ ತರಗತಿ ವಿಜ್ಞಾನ ಅಂತಲೇ ಇದೆ. ನಿಮ್ಮ ಅತ್ತೆ ಕೇಳಿದರೆ ಹಸುವಿನ ಕಾಯಿಲೆಯ ಪುಸ್ತಕ ಅನ್ನು.

ನೀನು ಮೊದಲು ಓದು. ಇಲ್ಲಿಯವರಿಗೆ ಆಮೇಲೆ. ಅವಸರವಿಲ್ಲ.

ರಾಧಾ


ಬಂಗಾರಪೇಟೆ
30 ಜುಲೈ 2024

ರಾಧಾ,

ಪುಸ್ತಕ ಬಂತು. ಕೊಟ್ಟಿಗೆಯಲ್ಲಿ ಬೂಸಾ ಮೂಟೆಯ ಹಿಂದೆ ಇಟ್ಟಿದ್ದೇನೆ. ಹಸುಗಳು ಮೆಲುಕು ಹಾಕುವ ಹೊತ್ತಿನಲ್ಲಿ ಓದುತ್ತೇನೆ. ಹೇಮಲತ ನಾಚಿದಳು ಅಂತ ಇರುತ್ತದೆ, ಮುಂದಿನ ಸಾಲಿಗೆ ಹೋಗುತ್ತೇನೆ. ಹಿಂದೆ ಇಂಥದ್ದು ಓದುವಾಗ ನನಗೂ ನಾಚಿಕೆಯಾಗುತ್ತಿತ್ತಲ್ಲ, ಈಗ ಆಗುವುದಿಲ್ಲ. ಹಾಗಂತ ಬಿಟ್ಟೂ ಇಲ್ಲ. ಹನ್ನೊಂದನೇ ಅಧ್ಯಾಯ ಮುಗಿಯಿತು.

ಧೈರ್ಯ ಅಂತ ಬರೆದಿದ್ದೀಯ. ಅದು ಧೈರ್ಯವಲ್ಲ. ಒಳಗೆ ನುಂಗಿಕೊಂಡಿದ್ದೇನೆ ಅಂತಲೂ ಬರೆದಿದ್ದೀಯ. ನುಂಗುವುದಕ್ಕೆ ಏನಾದರೂ ಇರಬೇಕು. ನಾನು ಅಳಲಿಲ್ಲ ರಾಧಾ. ಆವತ್ತೂ ಇಲ್ಲ, ಹನ್ನೊಂದರ ದಿನವೂ ಇಲ್ಲ, ಇವತ್ತಿಗೂ ಇಲ್ಲ. ನೀನು ಆವತ್ತು ನನ್ನ ಪಕ್ಕದಲ್ಲೇ ಕೂತಿದ್ದೆ, ನಿನಗೂ ಗೊತ್ತು. ಪಕ್ಕದ ಮನೆಯ ಪಾಪಕ್ಕ ಬಾಗಿಲಲ್ಲೇ ನಿಂತು ‘ಕಲ್ಲೆದೆ ಕಣಮ್ಮಿ ಇವ್ಳ್ದು, ಒಂದು ಅನಿ ಕಣ್ಣೀರೂ ಬರ್ನಿಲ್ಲ’ ಅಂದಳು. ಅತ್ತೆಗೆ ಕೇಳಿಸುವಂತೆಯೇ ಅಂದಳು.

ಅಂದಿನಿಂದ ಅತ್ತೆ ನನ್ನ ಜೊತೆ ಹಸುವಿನ ವಿಷಯ ಬಿಟ್ಟು ಬೇರೆ ಮಾತಾಡಿಲ್ಲ. ಹಿಂಡಿ ಹಾಕಿದ್ಯಾ, ನೀರು ಕುಡೀತಾ, ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಮಗನ ಮೇಲೆ ಪ್ರೀತಿ ಇಲ್ಲದವಳು ಅಂತ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಲ್ಲ ಅಂತ ಹೇಳುವುದಕ್ಕೆ ನನ್ನ ಹತ್ತಿರ ತೋರಿಸುವಂಥದ್ದು ಏನೂ ಇಲ್ಲ.

ಈ ಮನೆಯಲ್ಲಿ ಇನ್ನೆಷ್ಟು ವರ್ಷ ಇಬ್ಬರೂ ಹೀಗೇ ಇರುತ್ತೇವೋ ಗೊತ್ತಿಲ್ಲ.

ಶಶಿ


ಆಂಡರ್ಸನ್‌ಪೇಟೆ
3 ಆಗಸ್ಟ್ 2024

ಪ್ರೀತಿಯ ಶಶಿ,

ಪಾಪಕ್ಕನಿಗೆ ಮಾಡಲು ಬೇರೆ ಕೆಲಸವಿಲ್ಲ. ಅವಳ ಮಾತು ತಲೆಗೆ ಹಾಕಿಕೊಳ್ಳಬೇಡ. ಅತ್ತೆಗೆ ವಯಸ್ಸಾಗಿದೆ, ನಿಧಾನಕ್ಕೆ ಸರಿಹೋಗುತ್ತಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಹದಿನೇಳನೇ ಅಧ್ಯಾಯಕ್ಕೆ ಬಂದೆಯಾ? ಅದು ಬಹಳ ಚೆನ್ನಾಗಿದೆ ಅಂತ ಮೇಡಂ ಹೇಳುತ್ತಿದ್ದರು. ಓದಿ ಹೇಗಿತ್ತು ಅಂತ ಬರಿ. ಮರೆಯದೆ ಬರಿ.

ರಾಧಾ


ಬಂಗಾರಪೇಟೆ
19 ಆಗಸ್ಟ್ 2024

ರಾಧಾ,

ಹದಿನೇಳನೇ ಅಧ್ಯಾಯ ಓದಿದೆ. ನಾನೊಬ್ಬಳೇ ಓದಲಿಲ್ಲ.

ಬೂಸಾ ತೆಗೆಯಲು ಬಂದ ಅತ್ತೆಯ ಕೈಗೆ ಪುಸ್ತಕ ಸಿಕ್ಕಿತು. ಅವರಿಗೆ ಓದು ಬರುವುದಿಲ್ಲ. ರಟ್ಟಿನ ಮೇಲೆ ಕಪ್ಪೆಯ ಚಿತ್ರವಿದೆ, ಅದನ್ನೇ ನೋಡುತ್ತಾ ‘ಏನಮ್ಮಿ ಇದು?’ ಅಂದರು. ಸುಳ್ಳು ಹೇಳಲು ಶಕ್ತಿ ಬೇಕು. ಕಥೆ ಪುಸ್ತಕ ಅತ್ತೆ ಅಂದೆ. ಎಂಥಾ ಕಥೆ ಅಂದರು. ಗಂಡ ಹೆಂಡ್ತಿ ಕಥೆ ಅಂದೆ. ಈಗ ಬಯ್ಗುಳ ಬರುತ್ತದೆ ಅಂತ ನಿಂತಿದ್ದೆ. ಅವರು ಹುಲ್ಲಿನ ಕಂತೆಯ ಮೇಲೆ ಕೂತು ‘ಓದು, ನಾನೂ ಕೇಳ್ತೀನಿ’ ಅಂದರು.

ಅವತ್ತಿನಿಂದ ದಿನಾ ಸಾಯಂಕಾಲ ಹಾಲು ಹಾಕಿ ಬಂದ ಮೇಲೆ ಓದುತ್ತಿದ್ದೆ. ಅವರಿಗೆ ಪ್ರಭಾಕರನೆಂದರೆ ಬಲು ಇಷ್ಟ. ‘ಪಾಪ, ಒಳ್ಳೆ ಉಡ್ಗ’ ಅನ್ನುತ್ತಾರೆ. ಜೀಪು ಓಡಿಸುವಾಗಲೆಲ್ಲ ‘ಮೆಲ್ಲುಗೆ ಓಗಪ್ಪಾ’ ಅಂತ ಅವನಿಗೇ ಹೇಳುತ್ತಾರೆ. ಹದಿನಾರರ ಕೊನೆಯಲ್ಲಿ ಜೀಪಿನ ಬ್ರೇಕ್ ಹಿಡಿಯದೆ ಕಣಿವೆಯ ಕಡೆ ಜಾರಿತು. ಅವತ್ತು ಅತ್ತೆ ಊಟ ಮಾಡಲಿಲ್ಲ.

ಮಾರನೆಯ ದಿನ ಹದಿನೇಳು. ಅವನು ಜೀಪಿನಿಂದ ಹಾರಿ ಕೊಂಬೆ ಹಿಡಿದು ಬದುಕಿದ. ‘ಉಳ್ಕಂಡ್ನಾ? ನಿಜ್ವಾಗ್ಲೂ ಉಳ್ಕಂಡ್ನಾ?’ ಅಂತ ಎರಡೆರಡು ಸಲ ಕೇಳಿ ಕೈ ಮುಗಿದರು. ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಪಾಯಸದ ವಾಸನೆ ಬಂತು. ವರ್ಷ ತುಂಬುವ ತನಕ ಈ ಮನೆಯಲ್ಲಿ ಸಿಹಿ ಕೂಡದು ಅಂದವರು ಅವರೇ. ನನಗೂ ಒಂದು ಲೋಟ ಕೊಟ್ಟರು. ಕುಡಿದೆ.

ರಾಧಾ, ಓದುವಾಗಲೇ ನನಗೆ ಅನುಮಾನ ಬಂದಿತ್ತು. ಪೈಪು ಸೇದುವ ಪ್ರಭಾಕರ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು ‘ಲೇ ಹೇಮಾ, ಬಂಗಾರಪೇಟೆ ಪಾನಿಪೂರಿ ತಿನ್ನಂಗಾಗದೆ ಕಣೇ’ ಅನ್ನುತ್ತಾನೆ. ಊಟಿಯಲ್ಲಿ! ಆ ಹಾಳೆಗಳಿಗೆ ಟೀ ಡಿಕಾಕ್ಷನ್ ಬಳಿದು ಹಳೆಯದು ಮಾಡಿದ್ದೀಯ, ಅಕ್ಷರ ಮಾತ್ರ ಡಿಟಿಪಿ ಅಂಗಡಿಯದು. ಹಾಲು ಕಾಯುವಾಗ ಆವಿಗೆ ಹಿಡಿದೆ. ಮೈದಾ ಅಂಟು ಬಿಟ್ಟುಕೊಂಡಿತು. ಕೆಳಗೆ ಪ್ರಭಾಕರ ಸತ್ತಿದ್ದ. ಕೊಂಬೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ.

ನಿನ್ನ ಮೇಲೆ ಎಂಥಾ ಸಿಟ್ಟು ಬಂತು ಅಂದರೆ, ಒಲೆ ಆರಿಸಲು ಮರೆತು ಹಾಲು ಉಕ್ಕಿಹೋಯಿತು. ನನ್ನನ್ನು ಏನಂದುಕೊಂಡಿದ್ದೀಯ? ಅಚ್ಚಾದ ಸಾವನ್ನೂ ನೋಡಲಾರದವಳು ಅಂತಲಾ? ನಿಜವಾದದ್ದನ್ನೇ ನೋಡಿಕೊಂಡು ನಿಂತಿದ್ದವಳು ನಾನು. ಎಲ್ಲರೂ ಹೀಗೇ. ನನ್ನೆದುರು ಯಾರೂ ‘ಸತ್ತರು’ ಅನ್ನುವುದಿಲ್ಲ, ‘ಹೋದರು’ ಅನ್ನುತ್ತೀರಿ. ಮಾರಿಕುಪ್ಪಂ ರೈಲು ಹತ್ತಿ ಹೋದ ಹಾಗೆ. ನೀನೂ ಮೊದಲ ಕಾಗದದಲ್ಲಿ ಹಾಗೆಯೇ ಬರೆದೆ.

ಸಿಟ್ಟು ಅವತ್ತು ಒಂದು ದಿನ ಇತ್ತು, ಆಮೇಲೆ ಹೋಯಿತು. ಏಪ್ರಿಲ್ ಆದ ಮೇಲೆ ನನಗೆ ಬಂದದ್ದು ಅದೊಂದೇ.

ಆದರೆ ನೀನು ಹದಿನೇಳನ್ನು ಮಾತ್ರ ಬರೆದು ಬಿಟ್ಟಿದ್ದೀಯ. ಹದಿನೆಂಟರಲ್ಲಿ ಹೇಮಲತ ಬಿಳಿ ಸೀರೆ ಉಟ್ಟು ಕೂತಿದ್ದಾಳೆ. ಅತ್ತೆ ‘ಮುಂದುಕ್ಕೆ ಓದು’ ಅಂತ ದಿನಾ ಕೇಳುತ್ತಾರೆ. ಕಣ್ಣುನೋವು ಅಂತ ಹೇಳಿ ತಳ್ಳುತ್ತಿದ್ದೇನೆ. ಇದೊಂದು ವಾರ ಅವರು ನನ್ನ ಜೊತೆ ಮಾತಾಡಿದ್ದಾರೆ, ರಾಧಾ. ಹಸುವಿನ ವಿಷಯ ಅಲ್ಲದ ಮಾತು. ನಾನೀಗ ಏನು ಓದಲಿ?

ಶಶಿರೇಖ


ಆಂಡರ್ಸನ್‌ಪೇಟೆ
22 ಆಗಸ್ಟ್ 2024

ಶಶಿ,

ತಪ್ಪಾಯಿತು. ಬೇರೆ ಏನು ಬರೆಯಲಿ?

ಗ್ಯಾರಂಟಿ ಅಂತ ನಿನಗೆ ಬರೆದ ಮೇಲೆ ಪುಸ್ತಕ ತೆಗೆದು ನೋಡಿದೆ. ಪಿಯುಸಿಯಲ್ಲಿ ಓದುವಾಗ ಅಪ್ಪ ಹದಿನೈದರಲ್ಲೇ ಕಿತ್ತುಕೊಂಡು ಒಲೆಗೆ ಹಾಕಿದ್ದರು, ಮುಂದೆ ಇಬ್ಬರೂ ಸುಖವಾಗಿದ್ದರು ಅಂತ ನಾನೇ ಅಂದುಕೊಂಡುಬಿಟ್ಟಿದ್ದೆ. ನೋಡಿದರೆ ಹೀಗೆ! ಹದಿನೇಳರಲ್ಲೇ ಮುಚ್ಚಿಬಿಟ್ಟೆ, ಮುಂದೇನಿದೆ ಅಂತ ನೋಡಲೇ ಇಲ್ಲ. ಬೇರೆ ಪುಸ್ತಕ ಕಳಿಸಬಹುದಿತ್ತು. ನನಗೆ ಹಟ ಬಂತು. ಅಂಗಡಿಯಲ್ಲಿ ಕೂತು ಬರೆಯುವಾಗ ಏನನ್ನಿಸಿತು ಗೊತ್ತಾ? ಎಲ್ಲೋ ಒಂದು ಕಡೆಯಾದರೂ ಒಬ್ಬ ಮನುಷ್ಯ ಎದ್ದು ಕೂರಲಿ ಅನ್ನಿಸಿತು. ಪಾನಿಪೂರಿ ಕೇಳುವವನು ಪ್ರಭಾಕರ ಅಲ್ಲ, ವೆಂಕಿ ಅಣ್ಣ. ಸ್ಟೇಷನ್ ಎದುರು ನಮಗೆ ಕೊಡಿಸಿ ತಾನೂ ನಿಂತು ತಿನ್ನುತ್ತಿದ್ದರಲ್ಲ. ಬರೆಯುತ್ತಾ ನಾನೇ ಅತ್ತುಬಿಟ್ಟೆ. ಬಳೆ ಹಾಕಿಸಿಕೊಳ್ಳಲು ಬಂದವಳು ಹೆದರಿ ವಾಪಸ್ ಹೋದಳು.

ನೀನು ಹೇಳಿದ್ದು ಸರಿ. ಅವರು ಸತ್ತರು. ಬರೆದಿದ್ದೇನೆ ನೋಡು.

ಈಗ ಎರಡು ದಾರಿ ಇದೆ. ನೀನು ಹೂಂ ಅಂದರೆ ಹದಿನೆಂಟರಿಂದ ಇಪ್ಪತ್ತಾರರವರೆಗೂ ನಾನೇ ಬರೆದು ಕಳಿಸುತ್ತೇನೆ. ಇಬ್ಬರಿಗೂ ಎರಡು ಮಕ್ಕಳು ಮಾಡಿಸುತ್ತೇನೆ, ನಿಮ್ಮ ಅತ್ತೆಗೆ ಎಷ್ಟು ದಿನ ಬೇಕೋ ಅಷ್ಟು ದಿನ ಅವನು ಬದುಕಿರುತ್ತಾನೆ. ಬೇಡ ಅಂದರೆ ನಾನೇ ಬಂದು ಅವರ ಕಾಲಿಗೆ ಬಿದ್ದು ನಿಜ ಹೇಳುತ್ತೇನೆ. ನೀನು ಏನಂದರೂ ಸರಿ. ನನ್ನಿಂದಾಗಿ ಆ ಮನೆಯಲ್ಲಿ ಮತ್ತೆ ಮಾತು ನಿಂತರೆ ನನಗೆ ನೆಮ್ಮದಿ ಇರುವುದಿಲ್ಲ.

ರಾಧಾ


ಬಂಗಾರಪೇಟೆ
9 ಸೆಪ್ಟೆಂಬರ್ 2024

ರಾಧಾ,

ಬರೆಯಬೇಡ. ಬಂದು ಹೇಳುವುದೂ ಬೇಡ. ನಾನೇ ಹೇಳಿದೆ.

ಮುಂದಿನ ಭಾನುವಾರ ನಾವಿಬ್ಬರೂ ಬರುತ್ತೇವೆ. ಕೊನೆಯ ಅಧ್ಯಾಯವನ್ನು ಅತ್ತೆಯೂ ಅಲ್ಲೇ ಕೇಳುತ್ತಾರಂತೆ. ಅವರಿಗೆ ಎಡಗಿವಿ ಮಂದ, ಓದುವವರ ಎಡಕ್ಕೆ ಕೂರಿಸಬೇಕು. ಪುಷ್ಪನಿಗೆ ಹೇಳಿಡು.

ನಿನ್ನ ಕಾಗದ ಬಂದು ಬಹಳ ದಿನ ಸುಮ್ಮನಿದ್ದೆ. ನೀನು ಬರೆದು ಕಳಿಸುವುದೇ ಒಳ್ಳೆಯದು ಅಂತಲೂ ಅನ್ನಿಸಿತ್ತು. ಇಪ್ಪತ್ತಾರು ಮುಗಿದ ಮೇಲೆ ಏನು? ಇಪ್ಪತ್ತೇಳು ಬರೆಯುತ್ತೀಯ, ಮೂವತ್ತು ಬರೆಯುತ್ತೀಯ. ಬರೆದಷ್ಟು ದಿನವೂ ನಾನು ಅವರಿಗೆ ಸುಳ್ಳು ಓದಬೇಕು. ಮೊನ್ನೆ ಶನಿವಾರ ಹಬ್ಬ, ನಮಗೆ ಹಬ್ಬವಿಲ್ಲ. ಊರವರೆಲ್ಲ ಗಣಪತಿಯ ಹತ್ತಿರ ಇದ್ದರು. ಅತ್ತೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನಾನು ಪುಸ್ತಕ ತಂದು ಕೂತೆ.

‘ಕಣ್ಣೋವು ಓಯ್ತಾ?’ ಅಂದರು.

‘ಅತ್ತೆ, ಅವತ್ತು ನಾನು ಓದಿದ್ದು ಪುಸ್ತಕದಲ್ಲಿ ಇರೋದಲ್ಲ. ರಾಧಾ ಬರ್ದು ಅಂಟಿಸಿದ್ದು. ನನಗೆ ಬೇಜಾರಾಗ್ತದೆ ಅಂತ ಬದಲಾಯಿಸವ್ಳೆ.’

‘ಪುಸ್ತಕದಾಗೆ ಏನೈತೆ ಮತ್ತೆ?’

‘ಸತ್ತೋಗ್ತಾನೆ.’

ಆ ಪದ ಈ ಮನೆಯಲ್ಲಿ ಅಂದೇ ಮೊದಲು ಕೇಳಿದ್ದು. ಅತ್ತೆಯ ಕೈ ನಿಲ್ಲಲಿಲ್ಲ, ಅಕ್ಕಿಯನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಲೇ ಇದ್ದರು. ‘ನಂಗೆ ಗೊತ್ತಿತ್ತು’ ಅಂದರು. ‘ಅಷ್ಟು ಎತ್ತರದಿಂದ ಬಿದ್ದೋನು ಪಾನಿಪೂರಿ ಕೇಳ್ತಾನಾ? ಆದ್ರೂ ಇರ್ಲಿ ಅಂತ ಪಾಯ್ಸ ಮಾಡ್ದೆ. ಇರೋದು ಓದು.’

ಓದಿದೆ. ಮುಗಿದ ಮೇಲೆ ‘ಇನ್ನೊಂದ್ಸಾರಿ ಓದು’ ಅಂದರು. ಮತ್ತೆ ಓದಿದೆ. ನನ್ನ ಧ್ವನಿ ಸರಿಯಾಗಿಯೇ ಬರುತ್ತಿತ್ತು.

‘ಆ ಉಡ್ಗಿ ಅತ್ಲಾ?’

‘ಅತ್ಲು ಅಂತ ಬರ್ದವ್ರೆ ಅತ್ತೆ. ಎರಡು ಪುಟ.’

‘ನೀನ್ಯಾಕೆ ಅಳ್ನಿಲ್ಲ?’

ಎಲ್ಲರೂ ಅದನ್ನು ಆಡಿಕೊಂಡಿದ್ದಾರೆ ರಾಧಾ, ಕೇಳಿದವರು ಯಾರೂ ಇರಲಿಲ್ಲ. ನೀನೂ ಕೇಳಲಿಲ್ಲ. ನಾನು ಯೋಚನೆ ಮಾಡಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

‘ಗೊತ್ತಿಲ್ಲ ಅತ್ತೆ. ಬರ್ನಿಲ್ಲ. ಬರ್ಲಿ ಅಂತ ಕಾಯ್ಕಂಡು ಕೂತಿದ್ದೆ, ಬರ್ನಿಲ್ಲ. ಈಗ್ಲೂ ಬರ್ತಾ ಇಲ್ಲ. ಅವ್ರು ಅಂದ್ರೆ ನಂಗೆ ಇಷ್ಟ ಇಲ್ಲ ಅಂತಲ್ಲ.’

ಅವರು ಮೊರ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. ಪಾಪಕ್ಕ ಹೇಳಿದ ಕಲ್ಲು ಎಲ್ಲಿದೆ ಅಂತ ಹುಡುಕುತ್ತಿದ್ದಾರೇನೋ ಅನ್ನಿಸಿತು. ಆಮೇಲೆ ನನ್ನ ಕೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

‘ಬರ್ದಿದ್ರೆ ಬಿಡು. ನಿನ್ ಪಾಲೂ ನಾನೇ ಅಳ್ತೀನಿ’ ಅಂದರು.

ಅತ್ತರು. ವೆಂಕಿ, ವೆಂಕಿ ಅಂತ ಮಗನ ಹೆಸರು ಹಿಡಿದು ಬಹಳ ಹೊತ್ತು ಅತ್ತರು. ನನ್ನ ಕಣ್ಣು ಒಣಗಿಯೇ ಇತ್ತು. ಕೈ ಮಾತ್ರ ಬಿಡಿಸಿಕೊಳ್ಳದೆ ಅವರು ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದೆ.

ಶಶಿ